ಕವರ್ ಲೆಟರ್, ರಿಸರ್ಚ್ ಸ್ಟೇಟ್‌ಮೆಂಟ್, ಟೀಚಿಂಗ್ ಸ್ಟೇಟ್‌ಮೆಂಟ್ ಮೂರರಲ್ಲೂ ಒಂದೇ ವಿಷ್ಯ ಬರ್ತಿದೆ, ಏನ್ ಮಾಡ್ಲಿ?

ನಿಮ್ ಪ್ರಶ್ನೆ ಓದಿ ನನ್ ಪಿಎಚ್‌ಡಿ ಕೊನೇ ವರ್ಷ ನೆನಪಾಯ್ತು. ನಂದೂ ಇತಿಹಾಸನೇ, ನಿಮ್ ಥರನೇ ಅಮೆರಿಕ, ಬ್ರಿಟನ್ ಎರಡೂ ಕಡೆ ಯೂನಿವರ್ಸಿಟಿ, ಕಾಲೇಜ್ ಮೇಷ್ಟ್ರ ಕೆಲ್ಸಕ್ಕೆ ಅಪ್ಲೈ ಮಾಡ್ದೆ, ಮೊದಲ್ನೇ ವರ್ಷ 26 ಕಡೆ ಹಾಕಿದ್ರೂ ಒಬ್ರೂ ಇಂಟರ್‌ವ್ಯೂಗೆ ಕರೀಲಿಲ್ಲ. ಲೆಟರ್ ಚೆನ್ನಾಗಿದ್ದಿದ್ರೆ ಕೆಲ್ಸ ಸಿಕ್ಬಿಡ್ತಿತ್ತು ಅಂತ ಹೇಳಲ್ಲ, ಇರೋ ಪೋಸ್ಟೇ ಕಮ್ಮಿ. ಆದ್ರೆ ಆ ಲೆಟರ್ ಈಗ ತೆಗ್ದು ನೋಡಿದ್ರೆ ನಂಗೇ ಎರಡ್ನೇ ಪ್ಯಾರಾ ದಾಟಕ್ಕಾಗಲ್ಲ.

ಅದ್ರಲ್ಲಿ ಒಂದು ವಾಕ್ಯ ಹಿಂಗಿತ್ತು: "ನನ್ನ ಪ್ರಬಂಧವು ಮುದ್ರಣ ಸಂಸ್ಕೃತಿ ಹಾಗೂ ಓದುಗ ಸಮುದಾಯಗಳ ನಡುವಿನ ಸಂಕೀರ್ಣ ಸಂಬಂಧವನ್ನು ಪರಿಶೀಲಿಸುತ್ತದೆ." ಫಿಲಾಸಫಿ ಓದ್ತಿದ್ದ ಫ್ರೆಂಡ್‌ಗೆ ತೋರ್ಸಿದ್ರೆ ಅವ್ಳು ಕೇಳಿದ್ದು ಒಂದೇ ಮಾತು, "ಸರಿ, ಪರಿಶೀಲಿಸಿದ್ಮೇಲೆ ಏನ್ ಸಿಕ್ತು?" ಬಾಯಲ್ಲಿ ಹೇಳ್ದೆ: ಅಗ್ಗದ ಪುಸ್ತಕಗಳ ಹಿಂದಿನ ರಕ್ಷಾಪುಟದಲ್ಲಿ ಬರ್ತಿದ್ದ ಔಷಧಿ ಜಾಹೀರಾತು ಲೆಕ್ಕ ಹಾಕ್ತಾ ಹೋದೆ, ಇವನ್ನೆಲ್ಲ ಕಾಲೇಜ್ ಹುಡುಗ್ರು ಓದ್ತಿದ್ರು ಅಂತ ಎಲ್ರೂ ಅಂದ್ಕೊಂಡಿದ್ದಾರೆ, ಜಾಹೀರಾತು ನೋಡಿದ್ರೆ ಅರ್ಧಕ್ಕರ್ಧ ಬಾಣಂತಿಯರಿಗೆ, ಮಕ್ಕಳ ತಾಯಂದ್ರಿಗೆ ಅಂತ ಮಾಡಿರೋದು. "ಇದನ್ನೇ ಬರಿಯೇ" ಅಂದ್ಲು. ಲೆಟರ್ ಓದೋ ಕಮಿಟೀಲಿ ನಿಮ್ ಸಬ್ಜೆಕ್ಟ್ ಒಳಗಿನೋರು ಒಬ್ರೋ ಇಬ್ರೋ ಇರ್ತಾರೆ ಅಷ್ಟೆ, ಉಳಿದೋರಿಗೆ ಬೇರೆ ಕಾಲ ಬೇರೆ ದೇಶ, ಎದ್ರುಗೆ ಅರ್ಜಿ ರಾಶಿ. ಅವ್ರಿಗೆ ನೀವು ಕಂಡ್ಕೊಂಡಿದ್ದು ಏನು ಅಂತ ಗೊತ್ತಾಗ್ಬೇಕು.

ಒಂದೇ ವಿಷ್ಯ ಮೂರು ಸಲ ಬರೋದಕ್ಕೆ ಕಾರಣ ಮೂರನ್ನೂ ಥೀಸಿಸ್ ಸಾರಾಂಶದಿಂದ ಶುರು ಮಾಡೋದು. ಲೆಟರ್‌ನಲ್ಲಿ ಥೀಸಿಸ್‌ಗೆ ಒಂದು ಪ್ಯಾರಾ, ಹೆಚ್ಚಂದ್ರೆ ಒಂದೂವರೆ, ಒಟ್ಟು ಎರಡು ಪುಟ ಮೀರಬಾರ್ದು. ರಿಸರ್ಚ್ ಸ್ಟೇಟ್‌ಮೆಂಟ್ ಮುಂದಕ್ಕೆ ನೋಡ್ಲಿ, ಥೀಸಿಸ್ ಪುಸ್ತಕ ಆಗೋವಾಗ ಏನ್ ಬದಲಾಗತ್ತೆ, ಎರಡ್ನೇ ಪ್ರಾಜೆಕ್ಟ್ ಯಾವ್ದು, ಅದಕ್ಕೆ ಯಾವ ದಾಖಲೆ ನೋಡ್ಬೇಕು. ಟೀಚಿಂಗ್ ಸ್ಟೇಟ್‌ಮೆಂಟಲ್ಲಿ "ವಿಮರ್ಶಾತ್ಮಕ ಚಿಂತನೆ ಬೆಳೆಸುತ್ತೇನೆ" ಅಂತ ಎಲ್ರೂ ಬರೀತಾರೆ, ನೀವು ಒಂದು ಕ್ಲಾಸ್ ತೋರ್ಸಿ. ನಾನು ಬರೆದಿದ್ದು ಒಂದು ಹಳೇ ಜಾಹೀರಾತನ್ನ ಹುಡುಗ್ರ ಕೈಗೆ ಕೊಟ್ಟು ಹತ್ತು ನಿಮಿಷ ಏನೂ ವಿವರಣೆ ಕೊಡ್ದೆ ಸುಮ್ನೆ ಕೂತಿದ್ದು, ಆಮೇಲೆ ಒಬ್ಬ "ಇದ್ರಲ್ಲಿ ಬೆಲೇನೇ ಹಾಕಿಲ್ವಲ್ಲ" ಅಂದಿದ್ದು, ಆ ಕ್ಲಾಸ್ ಪೂರ್ತಿ ಅದ್ರ ಮೇಲೇ ನಡೆದಿದ್ದು.

ಪಾಠ ಮಾಡೋದೇ ಮುಖ್ಯ ಅನ್ನೋ ಚಿಕ್ಕ ಕಾಲೇಜಾದ್ರೆ ಲೆಟರಲ್ಲಿ ಟೀಚಿಂಗ್ ಮೇಲಕ್ಕೆ ತನ್ನಿ. ಬ್ರಿಟನ್ನಿಗೆ ಮಾತ್ರ ಅಮೆರಿಕದ ಲೆಟರ್ ಹಂಗೇ ಕಳಿಸ್ಬೇಡಿ. ಅಲ್ಲಿ ಕೆಲ್ಸದ ಜಾಹೀರಾತಿನ ಜೊತೆ ಪರ್ಸನ್ ಸ್ಪೆಸಿಫಿಕೇಶನ್ ಅಂತ ಒಂದು ಪಟ್ಟಿ ಬರತ್ತೆ, ಎಸೆನ್ಷಿಯಲ್ (ಇರಲೇಬೇಕಾದ್ದು) ಇಷ್ಟು, ಡಿಸೈರಬಲ್ (ಇದ್ರೆ ಒಳ್ಳೇದು) ಇಷ್ಟು ಅಂತ, ಶಾರ್ಟ್‌ಲಿಸ್ಟ್ ಮಾಡೋರು ಅದನ್ನ ಪಕ್ಕದಲ್ಲಿಟ್ಕೊಂಡೇ ಓದ್ತಾರೆ, ಒಂದೊಂದು ಪಾಯಿಂಟಿಗೂ ಉತ್ತರ ಕಾಣ್ಬೇಕು. ನನಗಿದು ತಿಳಿಯೋಷ್ಟ್ರಲ್ಲಿ ಎಂಟು ಅರ್ಜಿ ಹೋಗಿತ್ತು.

ಸಿವಿ ಬಗ್ಗೆ ಜಾಸ್ತಿ ಹೇಳಲ್ಲ. ಜರ್ನಲ್‌ಗೆ ಕಳಿಸಿ ಕಾಯ್ತಿರೋ ಲೇಖನನ ಫಾರ್ತ್‌ಕಮಿಂಗ್ (ಒಪ್ಪಿಗೆಯಾಗಿದೆ, ಇನ್ನೇನು ಅಚ್ಚಾಗತ್ತೆ) ಅಂತ ಹಾಕ್ಬೇಡಿ, ಅದು ಅಂಡರ್ ರಿವ್ಯೂ, ಅಂದ್ರೆ ಇನ್ನೂ ಪರಿಶೀಲನೇಲಿದೆ, ಸಿಕ್ಕಾಕ್ಕೊಂಡ್ರೆ ಬಹಳ ಕಷ್ಟ. ಬುಕ್ ರಿವ್ಯೂಗಳನ್ನ ಲೇಖನಗಳ ಜೊತೆ ಸೇರಿಸಿ ಪಟ್ಟಿ ಉದ್ದ ಮಾಡೋದೂ ಬೇಡ. ರೈಟಿಂಗ್ ಸ್ಯಾಂಪಲ್‌ಗೆ, ಅಂದ್ರೆ ಅರ್ಜಿ ಜೊತೆ ಕಳಿಸೋ ನಿಮ್ ಬರವಣಿಗೆ ಮಾದರಿಗೆ, ಥೀಸಿಸ್ ಮೊದಲ್ನೇ ಅಧ್ಯಾಯ ಕೊಡ್ಬೇಡಿ, ಅದ್ರಲ್ಲಿ ಬೇರೆಯವ್ರು ಏನ್ ಹೇಳಿದ್ರು ಅನ್ನೋದೇ ತುಂಬಿರತ್ತೆ.

ಅಮೆರಿಕದಲ್ಲಿ ಕೆಲ್ಸದ ಹೆಚ್ಚಿನ ಜಾಹೀರಾತು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಬರತ್ತೆ, ಕೆಲ್ಸ ಶುರುವಾಗೋದು ಮುಂದಿನ ವರ್ಷ, ಹಂಗಾಗಿ ಜುಲೈನಲ್ಲೇ ಕೂತ್ಕೊಳ್ಳಿ. ರೆಕಮೆಂಡೇಶನ್ ಲೆಟರ್‌ಗೆ ಆರು ವಾರ ಮುಂಚೆ ಕೇಳಿ, ಜೊತೆಗೆ ಜಾಹೀರಾತು, ಸಿವಿ, ನಿಮ್ ಕವರ್ ಲೆಟರ್ ಡ್ರಾಫ್ಟ್ ಕೊಡಿ. ಡೆಡ್‌ಲೈನ್ ಮಾತ್ರ ಒಂದು ವಾರ ಹಿಂದಕ್ಕೆ ಹಾಕಿ ಹೇಳಿ. ನಮ್ ಗೈಡ್‌ಗೆ ನಾನು ಹಂಗೇ ಹೇಳ್ತಿದ್ದೆ, ಅದು ಸುಳ್ಳು ಡೇಟ್ ಅಂತ ಅವ್ರಿಗೂ ಗೊತ್ತಿತ್ತು, ಆದ್ರೂ ಕಳಿಸ್ತಿದ್ದಿದ್ದು ನಿಜವಾದ ಡೇಟ್ ರಾತ್ರಿ ಹನ್ನೊಂದೂವರೆಗೆ.