ಕ್ಯಾಮೆರಾ ಆಫ್ ಇದ್ರೆ ಇರ್ಲಿ ಬಿಡಿ ಮೇಡಂ

ಸಿದ್ದಾಪುರದಿಂದ ನೀವು ಬರೆದ ಪತ್ರ ಓದಿದೆ ಮೇಡಂ. ಡಿಗ್ರಿ ಮಕ್ಕಳಿಗೆ ಆನ್‌ಲೈನಲ್ಲಿ ಅರ್ಥಶಾಸ್ತ್ರ ಹೇಳ್ಕೊಡ್ತೀರಿ, ಒಂದು ತಾಸು ಮಾತಾಡಿದ್ರೂ ಆ ಕಡೆಯಿಂದ ಹಾಂ ಇಲ್ಲ ಹೂಂ ಇಲ್ಲ, ಎಲ್ಲರ ಕ್ಯಾಮೆರಾನೂ ಆಫ್, ಕಡ್ಡಾಯ ಮಾಡ್ಲಾ ಅಂತ ಕೇಳಿದ್ದೀರಿ.

ಬೇಡ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟು ಹೋದ್ರೆ ಟವರ್ರೂ ಮಲಗತ್ತೆ, ಸಿಗ್ನಲ್ ಹುಡುಕ್ಕೊಂಡು ಗುಡ್ಡ ಹತ್ತಿ ಕೂತ ಹುಡುಗಿಗೆ ವಿಡಿಯೋ ಆನ್ ಮಾಡು ಅಂದ್ರೆ ಇದ್ದ ಡೇಟಾನೂ ಖಾಲಿ, ನಿಮ್ಮ ದನಿನೂ ಕಟ್. ಮುಖ ಕಂಡ ಮಾತ್ರಕ್ಕೆ ಪಾಠ ತಲೆಗೆ ಹೋಯ್ತು ಅಂತೇನಿಲ್ಲ, ಕೊನೇ ಬೆಂಚು ನೀವೇ ನೋಡಿದೀರಲ್ಲ.

ನಂಗೆ ಕಾಣೋದು, ತೊಂದ್ರೆ ಇರೋದು ಆ ಒಂದು ತಾಸಲ್ಲಿ. ಎಡ್ಎಕ್ಸ್ ಅನ್ನೋ ಆನ್‌ಲೈನ್ ಪಾಠದ ತಾಣದ ಕೋರ್ಸುಗಳ ವಿಡಿಯೋನ ಜನ ಹೆಂಗೆ ನೋಡ್ತಾರೆ ಅಂತ 2014ರಲ್ಲಿ ಸುಮಾರು 69 ಲಕ್ಷ ವೀಕ್ಷಣೆ ಲೆಕ್ಕ ಹಾಕಿದ್ರು, 6 ನಿಮಿಷದೊಳಗಿನ ವಿಡಿಯೋ ಹೆಚ್ಚುಕಮ್ಮಿ ಪೂರ್ತಿ ನೋಡ್ತಾರೆ, ಉದ್ದ ಆದಷ್ಟೂ ಅರ್ಧಕ್ಕೇ ಜಾರ್ಕೊಳ್ತಾರೆ. ಹಾಗಾಗಿ ವಿವರಣೆನ ತುಂಡು ತುಂಡಾಗಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿ, ಬರೀ ಆಡಿಯೋ ಆದ್ರೂ ಸಾಕು. ಲೈವ್ ಟೈಮು ಪ್ರಶ್ನೆಗೆ ಇರ್ಲಿ.

ಪ್ರಶ್ನೆ ಅಂದ್ರೆ "ಅರ್ಥ ಆಯ್ತಾ?" ಅಲ್ಲ, ಅದಕ್ಕೆ ಎಲ್ಲರೂ ಯೆಸ್ ಮೇಡಂ ಅಂತಾರೆ. ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠ ಅಂತಿಟ್ಕೊಳ್ಳಿ, ಅಂದ್ರೆ ರೇಟು ಬದಲಾದ್ರೆ ಕೊಳ್ಳೋದು ಎಷ್ಟು ಹೆಚ್ಚುಕಮ್ಮಿ ಆಗತ್ತೆ ಅನ್ನೋದು. ಜೂನ್-ಜುಲೈ ಮೀನು ಹಿಡಿಯೋ ಟ್ರಾಲ್ ಬೋಟು ಬಂದ್, ಬಂಗಡೆ ಮೀನಿನ ರೇಟು ಏರಿದೆ, ಕಾರವಾರದ ಒಂದು ಮನೆಯವ್ರು ಒಣಮೀನಿಗೆ ಹೋದ್ರು, ಪಕ್ಕದ ಊಟದ ಹೋಟೆಲಿನವ್ರು ಅದೇ ರೇಟಿಗೆ ಬಂಗಡೆನೇ ತಗೊಂಡ್ರು, ಯಾರ ಬೇಡಿಕೆ ಹೆಚ್ಚು ಸ್ಥಿತಿಸ್ಥಾಪಕ, ಯಾಕೆ? ಪುಸ್ತಕ ಮುಚ್ಚಿಟ್ಟು ಎರಡೇ ಸಾಲು ಬರೆದು ಕಳ್ಸಿ ಅನ್ನಿ. (ಮೀನು ತಿನ್ನದ ಮನೆ ಮಕ್ಕಳೇ ಜಾಸ್ತಿ ಇದ್ರೆ ಅಡಿಕೆ ಅಂತೂ ಇದ್ದೇ ಇದೆ.)

ಪುಸ್ತಕ ಯಾಕೆ ಮುಚ್ಚಬೇಕು ಅಂದ್ರೆ, ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನೋವಿಜ್ಞಾನಿಗಳು 2006ರಲ್ಲಿ ಕಾಲೇಜು ಮಕ್ಕಳ ಮೇಲೆ ಇದನ್ನೇ ಮಾಡಿ ನೋಡಿದ್ರು. ಓದಿದ್ದನ್ನೇ ಕೆಲವರು ಮತ್ತೆ ಓದಿದ್ರು, ಕೆಲವರು ನೆನಪಿಂದ ಬರೆದ್ರು. ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಓದಿದವ್ರೇ ಮುಂದೆ, ವಾರ ಬಿಟ್ಟು ಕೇಳಿದ್ರೆ ನೆನಪಿಂದ ಬರೆದವ್ರು! ಪರೀಕ್ಷೆ ಬರೋದು ಐದು ನಿಮಿಷಕ್ಕಲ್ಲವಲ್ಲ.

ಬಂದ ಉತ್ತರಕ್ಕೆಲ್ಲ ಬೇರೆ ಬೇರೆ ಬರೆಯೋಕೆ ಕೂತ್ರೆ ನಿಮ್ಗೆ ರಾತ್ರಿ ಊಟ ಇಲ್ಲ. ಮಾರನೇ ದಿನ ನಾಕೈದು ಎತ್ಕೊಳ್ಳಿ, ತಪ್ಪಿದ್ದು ಹೆಸರು ಹೇಳದೆ, ಚೆನ್ನಾಗಿದ್ದು ಹೆಸರು ಹೇಳಿ ಓದಿ, ಆದ್ರೆ ತಡ ಮಾಡ್ಬೇಡಿ, ಹದಿನೈದು ದಿನ ಬಿಟ್ಟು ಹೇಳಿದ್ರೆ ಆ ಹುಡುಗ್ರಿಗೆ ತಾವೇನು ಬರೆದಿದ್ವಿ ಅನ್ನೋದೇ ಮರ್ತಿರತ್ತೆ. ಹಾಜರಿನೂ ಇದೇ ಎರಡು ಸಾಲಿನ ಮೇಲೆ ಹಾಕೋಕೆ ಪ್ರಿನ್ಸಿಪಾಲರು ಒಪ್ತಾರಾ ಕೇಳಿ ನೋಡಿ, ಒಪ್ಪದಿದ್ರೆ ಏನಂದ್ರು ಅಂತ ಬರೀರಿ.