ನರ್ಸರಿ ನಡೆಸುವವರು ಪಾಡ್‌ಕಾಸ್ಟ್ ಮಾಡಬಹುದಾ? ಸ್ವಲ್ಪ ಉದ್ದದ ಉತ್ತರ

ಮೇಡಂ, ನಿಮ್ಮ ಪೋಸ್ಟ್ ಈಗ ಓದಿದೆ. ಕಸಿ ಗಿಡಗಳ ಸಣ್ಣ ನರ್ಸರಿ ಇದೆ, ಗಿಡ ಒಯ್ದವರು ಫೋನ್ ಮಾಡಿ ಕೇಳಿದ್ದನ್ನೇ ಕೇಳ್ತಾರೆ, ಹೇಳಿ ಹೇಳಿ ಸಾಕಾಗಿದೆ ಅಂದಿದ್ದೀರಿ. ಪಾಡ್‌ಕಾಸ್ಟ್ ಶುರು ಮಾಡಿದರೆ ವ್ಯಾಪಾರಕ್ಕೆ ಅನುಕೂಲ ಆಗುತ್ತಾ, ಯಾವ ಮೈಕ್ ತಗೊಳ್ಳಲಿ ಅಂತ ಕೇಳಿದ್ದೀರಿ. ನಾನು ಜೇನುಪೆಟ್ಟಿಗೆ ಮಾಡಿ ಮಾರುವವನು, ಜೇನು ಸಾಕಣೆ ಬಗ್ಗೆ ಪಾಡ್‌ಕಾಸ್ಟ್ ನಡೆಸ್ತಿದ್ದೀನಿ. ಗೊತ್ತಿರೋದನ್ನ ಒಟ್ಟಿಗೇ ಬರೀತೀನಿ, ಪುರುಸೊತ್ತಾದಾಗ ಓದಿ.

ಮೈಕ್ ವಿಚಾರ ಆಮೇಲೆ. ಮೊದಲು ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಕೊಳ್ಳಿ. ಗಿರಾಕಿ ಕೇಳಿದ ಪ್ರಶ್ನೆಯನ್ನ ಅವರ ಬಾಯಲ್ಲಿ ಬಂದ ಹಾಗೇ ಬರೆದಿಡಿ. "ಗಿಡ ನೆಟ್ಟೆ, ಎಲೆಯೆಲ್ಲ ಉದುರ್ತಿದೆ, ಸತ್ತೇ ಹೋಯ್ತಾ?" "ಬುಡದಲ್ಲಿ ಬಂದಿರೋ ಚಿಗುರು ಬಿಡ್ಲಾ, ಕೀಳ್ಲಾ?" ಇಂಥ ಹತ್ತು ಹನ್ನೆರಡು ಪ್ರಶ್ನೆ ಸೇರಿದರೆ ನಿಮ್ಮ ಮೊದಲ ಸರಣಿ ಸಿದ್ಧ. ಒಂದು ಕಂತಿಗೆ ಒಂದೇ ಪ್ರಶ್ನೆ, ಶೀರ್ಷಿಕೆಯೂ ಅದೇ ಪ್ರಶ್ನೆ. "ಕಸಿ ಸಸ್ಯಗಳ ನಿರ್ವಹಣೆ, ಭಾಗ 1" ಅಂತ ಹೆಸರಿಟ್ಟರೆ ಯಾರ ಕಣ್ಣಿಗೂ ಬೀಳಲ್ಲ. ಗಿಡ ಒಣಗ್ತಿರುವಾಗ ಯಾರೂ ಆ ಪದಗಳನ್ನ ಟೈಪ್ ಮಾಡಿ ಹುಡುಕಲ್ಲ.

ನನ್ನ ಅಭಿಪ್ರಾಯದಲ್ಲಿ ನಿಮ್ಮಂಥ, ನನ್ನಂಥ ಸಣ್ಣ ವ್ಯಾಪಾರದವರಿಗೆ ಪಾಡ್‌ಕಾಸ್ಟ್ ಜಾಹೀರಾತು ಅಲ್ಲವೇ ಅಲ್ಲ. ಕೊಂಡವರಿಗೆ ಬೇಕಾದ ಉತ್ತರ ಕೊಂಡ ಮೇಲೂ ಸಿಗ್ತಾ ಇರಬೇಕು, ಅದಕ್ಕೆ ಇದು. ಆ ಉತ್ತರ ಕೇಳಿ ಗಿಡ ಉಳಿಸಿಕೊಂಡವರು ಮುಂದಿನ ಗಿಡಕ್ಕೆ ನಿಮ್ಮ ಹತ್ತಿರವೇ ಬರ್ತಾರೆ, ಪಕ್ಕದ ಮನೆಯವರಿಗೂ ಹೇಳ್ತಾರೆ. ಅಪರಿಚಿತರು ಕೇಳಿ ಓಡಿ ಬಂದು ಕೊಳ್ಳೋದು ನಿಧಾನಕ್ಕೆ ಆಗುವಂಥದ್ದು, ಅದನ್ನೇ ನಂಬಿ ಶುರು ಮಾಡಬೇಡಿ. ಹಾಗಾಗಿ ನೀವು ಮೊದಲು ಮಾಡಬೇಕಾದ್ದು ಇದು: ಗಿಡದ ಚೀಲಕ್ಕೆ ಕಟ್ಟುವ ಚೀಟಿಯಲ್ಲಿ ಒಂದು ಕ್ಯೂಆರ್ ಕೋಡ್ ಮುದ್ರಿಸಿ. ಸ್ಕ್ಯಾನ್ ಮಾಡಿದರೆ "ನೆಟ್ಟ ಮೊದಲ ವಾರ ಏನು ಮಾಡಬೇಕು" ಅನ್ನೋ ಕಂತು ತೆರೆದುಕೊಳ್ಳಬೇಕು. ಯಾರಾದರೂ ವಾಟ್ಸಾಪ್‌ನಲ್ಲಿ ಕೇಳಿದರೆ ಎರಡು ಸಾಲು ಉತ್ತರ ಬರೆದು, ಜೊತೆಗೆ ಕಂತಿನ ಲಿಂಕ್ ಹಾಕಿ. ಬರೀ ಲಿಂಕ್ ಎಸೆದರೆ ಜನಕ್ಕೆ ಬೇಜಾರಾಗುತ್ತೆ.

ಈಗ ಮಾತಿನ ವಿಚಾರ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಕೈಕೆಲಸದವರು ಎಡವೋದು ಇಲ್ಲೇ. ನಾವು ಜೀವಮಾನವೆಲ್ಲ ತೋರಿಸಿ ಕಲಿಸಿದವರು. "ಇಲ್ಲಿ ನೋಡಿ, ಹೀಗೆ ಕತ್ತರಿಸಿ" ಅಂದರೆ ಕೇಳುಗರಿಗೆ ಏನೂ ಕಾಣಲ್ಲ. ಅವರ ಕಣ್ಣು ಬಿಟ್ಟು ಅವರ ಕೈಗೆ ಮಾತಾಡಿ. ಬುಡದ ಚಿಗುರಿನ ಕಂತನ್ನೇ ತಗೊಳ್ಳಿ. "ಮಣ್ಣಿನ ಹತ್ತಿರ ಕಾಂಡ ಹಿಡಿದು ಹೆಬ್ಬೆರಳನ್ನ ಮೆಲ್ಲಗೆ ಮೇಲಕ್ಕೆ ಸರಿಸಿ. ಒಂದು ಕಡೆ ಉಬ್ಬು ಅಥವಾ ಸೊಟ್ಟ ಸಿಗುತ್ತೆ, ಅದೇ ಕಸಿ ಗಂಟು. ಅದಕ್ಕಿಂತ ಕೆಳಗೆ ಬಂದ ಚಿಗುರು ನೀವು ಕೊಂಡ ತಳಿಯದ್ದಲ್ಲ, ಬೇರುಗಿಡದ್ದು, ಅಂದರೆ ಕಸಿ ಕಟ್ಟೋಕೆ ಬಳಸಿದ ಕೆಳಗಿನ ಗಿಡದ್ದು. ಎಳೆಯದಿರುವಾಗಲೇ ಬೆರಳಲ್ಲಿ ಚಿವುಟಿ ತೆಗೆಯಿರಿ. ಬಿಟ್ಟರೆ ಅದೇ ಬಲಿತು ಮೇಲಿನ ಕಸಿಯನ್ನ ಸೊರಗಿಸುತ್ತೆ." ಹೀಗೆ ಹೇಳಿದರೆ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಗಿಡದ ಮುಂದೆ ಕೂತವರು ನೀವು ಹೇಳ್ತಿದ್ದ ಹಾಗೇ ಮಾಡಿ ಮುಗಿಸ್ತಾರೆ. ವಿಡಿಯೋ ನೋಡ್ತಾ ಎರಡೂ ಕೈ ಮಣ್ಣಲ್ಲಿಟ್ಟು ಕೆಲಸ ಮಾಡೋದು ಕಷ್ಟ, ಆಡಿಯೋಗೆ ಆ ತೊಡಕಿಲ್ಲ. ರೆಕಾರ್ಡ್ ಮಾಡುವಾಗ ನೀವೂ ಒಂದು ಗಿಡವನ್ನ ಮುಂದಿಟ್ಟುಕೊಂಡೇ ಮಾತಾಡಿ, ಹೆಬ್ಬೆರಳು ಎಲ್ಲಿದೆಯೋ ಮಾತೂ ಅಲ್ಲೇ ಇರುತ್ತೆ.

ಅಂಕಿಗಳ ಬಗ್ಗೆ ಮಾತ್ರ ಬಹಳ ಹುಷಾರು. ಹದಿನೈದು, ಇಪ್ಪತ್ತೈದು ಕಿವಿಗೆ ಸುಲಭವಾಗಿ ಅದಲುಬದಲಾಗುತ್ತೆ. ಗೊಬ್ಬರದ ಪ್ರಮಾಣವನ್ನ ಎರಡು ಸಲ ಹೇಳಿ, ಕಂತಿನ ಕೆಳಗಿನ ವಿವರಣೆಯಲ್ಲೂ ಬರೆಯಿರಿ. ಔಷಧಿ ಪ್ರಮಾಣ ಬಾಯಲ್ಲಿ ಹೇಳಲೇಬೇಡಿ, ಡಬ್ಬಿಯ ಲೇಬಲ್ ಓದಿ ಅನ್ನಿ. ನಮ್ಮ ಮಾತು ನಂಬಿ ಯಾರೋ ತಪ್ಪು ಪ್ರಮಾಣ ಸಿಂಪಡಿಸೋದು ಬೇಡ.

ಪೂರ್ತಿ ಬರೆದು ಓದಬೇಡಿ. ಓದೋ ದನಿ ಬೇರೆ, ಮಾತಾಡೋ ದನಿ ಬೇರೆ, ಕೇಳುಗರಿಗೆ ಕೂಡಲೇ ಗೊತ್ತಾಗುತ್ತೆ. ಐದಾರು ಅಂಶ ಚೀಟಿಯಲ್ಲಿದ್ದರೆ ಸಾಕು. ಶುರುವಿನಲ್ಲೇ ಪ್ರಶ್ನೆ ಹೇಳಿ, ಚುಟುಕಾಗಿ ಉತ್ತರ ಹೇಳಿ, ಆಮೇಲೆ ಕಾರಣ ಬಿಡಿಸಿ. ನರ್ಸರಿ ಹೆಸರು, ಸಂಪರ್ಕ ಎಲ್ಲ ಕೊನೆಗೆ ಒಂದೇ ವಾಕ್ಯದಲ್ಲಿ ಬರಲಿ. ಹತ್ತು ಹದಿನೈದು ನಿಮಿಷ ಧಾರಾಳ ಆಯ್ತು. ವಿಷಯ ಆರೇ ನಿಮಿಷಕ್ಕೆ ಮುಗಿದರೆ ಆರೇ ನಿಮಿಷ ಇರಲಿ.

ಮೈಕ್‌ಗೆ ಬರೋಣ. ಮೊದಲ ನಾಲ್ಕೈದು ಕಂತಿಗೆ ನಿಮ್ಮ ಫೋನೇ ಸಾಕು. ಶಬ್ದ ಕೆಡೋದು ಹೆಚ್ಚಾಗಿ ಕೋಣೆಯಿಂದ. ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಗುಂಯ್ ಅಂತ ಉಳಿದರೆ ಆ ಕೋಣೆ ಬೇಡ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಕಪಾಟು ಇರುವ ಕೋಣೆ ಒಳ್ಳೇದು, ಮೆತ್ತನೆ ವಸ್ತುಗಳು ಪ್ರತಿಧ್ವನಿ ಹೀರಿಕೊಳ್ಳುತ್ತವೆ. ಫ್ಯಾನ್ ಆಫ್, ಫೋನ್ ಏರೋಪ್ಲೇನ್ ಮೋಡ್, ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ಸ್ವಲ್ಪ ಪಕ್ಕಕ್ಕೆ. ಪಕ್ಕಕ್ಕಿಟ್ಟರೆ ಪ, ಫ, ಭ ಹೇಳುವಾಗ ಉಸಿರು ಬಡಿಯಲ್ಲ. ಮುಂದೆ ಕೊಳ್ಳೋದಾದರೆ ಕಾಲರ್ ಮೈಕ್ ಅಥವಾ ಡೈನಾಮಿಕ್ ಮೈಕ್ ತಗೊಳ್ಳಿ. ಕಂಡೆನ್ಸರ್ ಮೈಕ್ ಸೂಕ್ಷ್ಮ, ಆದರೆ ಬೀದಿಯ ಹಾರ್ನ್, ಪಕ್ಕದ ಮನೆ ಮಿಕ್ಸರ್ ಎಲ್ಲ ಎಳ್ಕೊಳ್ಳುತ್ತೆ, ಮನೆಯಲ್ಲಿ ರೆಕಾರ್ಡ್ ಮಾಡೋರಿಗೆ ನಾನು ಹೇಳಲ್ಲ. ಹೊರಗೆ ಗಿಡಗಳ ನಡುವೆ ಮಾತಾಡೋದಾದರೆ ಮೈಕ್‌ಗೆ ಸ್ಪಂಜಿನ ಟೋಪಿ ಹಾಕಿ, ಇಲ್ಲದಿದ್ದರೆ ಗಾಳಿಯೇ ತುಂಬ್ಕೊಳ್ಳುತ್ತೆ.

ಅನುಭವಸ್ಥ ಬೆಳೆಗಾರರನ್ನ ಕರೆದು ಮಾತಾಡಿಸೋ ಆಸೆಯೂ ಬರೆದಿದ್ದೀರಿ, ಒಳ್ಳೇದು. ಆದರೆ ಫೋನ್ ಕರೆಯನ್ನೇ ರೆಕಾರ್ಡ್ ಮಾಡಬೇಡಿ, ಕರೆಯಲ್ಲಿ ದನಿ ಕುಗ್ಗಿ ಡಬ್ಬಿಯೊಳಗಿಂದ ಬಂದ ಹಾಗಿರುತ್ತೆ. ಕರೆ ಒಂದು ಫೋನಿನಲ್ಲಿ ನಡೀಲಿ, ಇಬ್ಬರೂ ತಮ್ಮ ತಮ್ಮ ಕಡೆ ಇನ್ನೊಂದು ಫೋನಿನಲ್ಲಿ ತಮ್ಮ ದನಿ ರೆಕಾರ್ಡ್ ಮಾಡ್ಕೊಳ್ಳಿ, ಶುರುವಿಗೆ ಒಟ್ಟಿಗೆ ಒಂದು ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಎರಡು ಚಪ್ಪಾಳೆಯನ್ನ ಹೊಂದಿಸಿದರೆ ಮಾತು ಸರಿಯಾಗಿ ಕೂರುತ್ತೆ. ಪ್ರಕಟಿಸೋಕೆ ಅವರ ಒಪ್ಪಿಗೆ ವಾಟ್ಸಾಪ್‌ನಲ್ಲಾದರೂ ಬರಹದಲ್ಲಿ ತಗೊಳ್ಳಿ.

ಎಡಿಟಿಂಗ್‌ಗೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಉಚಿತ. ಉದ್ದ ಮೌನ, ತಡವರಿಸಿದ್ದು ತೆಗೆದರೆ ಸಾಕು, ಪ್ರತಿ ಉಸಿರನ್ನೂ ಕತ್ತರಿಸೋಕೆ ಹೋಗಬೇಡಿ. ಅದರಲ್ಲೇ ಸದ್ದಿನ ಮಟ್ಟವನ್ನ ಸಮ ಮಾಡೋ ಲೌಡ್‌ನೆಸ್ ನಾರ್ಮಲೈಸೇಷನ್ ಅಂತ ಇದೆ, ಮೈನಸ್ 16 ಎಲ್‌ಯುಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರು ಅಂತ ಅಳೆಯೋ ಮಾನ) ಕೊಡಿ. ಆಪಲ್ ಪಾಡ್‌ಕಾಸ್ಟ್‌ನವರು ಹೇಳೋ ಮಟ್ಟ ಅದು, ಕಂತಿನಿಂದ ಕಂತಿಗೆ ಸದ್ದು ಹೆಚ್ಚುಕಮ್ಮಿ ಆಗಲ್ಲ. ಬರೀ ಮಾತು ತಾನೆ, ಫೈಲ್ ಉಳಿಸುವಾಗ ಮೊನೋ (ಒಂದೇ ಚಾನೆಲ್) ಎಂಪಿ3, ಗುಣಮಟ್ಟ 64 ಕೆಬಿಪಿಎಸ್ ಇಟ್ಟರೆ 20 ನಿಮಿಷದ ಕಂತು 10 ಎಂಬಿ ಒಳಗೇ ಇರುತ್ತೆ. ನೆಟ್‌ವರ್ಕ್ ಕಮ್ಮಿ ಇರೋ ತೋಟದಲ್ಲೂ ಇಳಿಯುತ್ತೆ.

ಸಂಗೀತ ಹಾಕಲೇಬೇಕು ಅಂತಿಲ್ಲ. ಹಾಕೋದಾದರೆ ಸಿನಿಮಾ ಹಾಡಿನ ತುಣುಕು ಬೇಡ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ, ಅಂದರೆ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದಾದ ಸಂಗೀತದಲ್ಲೂ "ವಾಣಿಜ್ಯೇತರ ಬಳಕೆಗೆ ಮಾತ್ರ" ಅಂತ ಇದ್ದರೆ ಬಿಡಿ, ನಮ್ಮದು ವ್ಯಾಪಾರಕ್ಕೆ ಅಂಟಿಕೊಂಡಿರುವ ಕಾರ್ಯಕ್ರಮ.

ಹೋಸ್ಟಿಂಗ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ನಿಮ್ಮ ಕಂತುಗಳು ಒಂದು ಹೋಸ್ಟಿಂಗ್ ಸೇವೆಯಲ್ಲಿ ಇರುತ್ತವೆ, ಅಲ್ಲಿಂದ ಆರ್‌ಎಸ್‌ಎಸ್ ಫೀಡ್ ಅನ್ನೋ ವಿಳಾಸ ಸಿಗುತ್ತೆ. ಆ ವಿಳಾಸವನ್ನ ಆಪಲ್, ಸ್ಪಾಟಿಫೈ, ಯೂಟ್ಯೂಬ್‌ಗೆ ಒಂದೊಂದು ಸಲ ಕೊಟ್ಟರೆ ಆಯ್ತು, ಆಮೇಲೆ ಹೊಸ ಕಂತು ತಾನಾಗೇ ಎಲ್ಲ ಕಡೆ ಹೋಗುತ್ತೆ. ಆಪಲ್ 2005ರಲ್ಲಿ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದಾಗಿನಿಂದ ಇವತ್ತಿನವರೆಗೂ ಬಹುಪಾಲು ಇದೇ ವ್ಯವಸ್ಥೆ. ಸೇವೆ ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ನಾಳೆ ನಾನು ಬೇರೆ ಕಡೆ ಹೋದರೆ ಹಳೇ ಫೀಡ್‌ನಿಂದ ಹೊಸದಕ್ಕೆ ರೀಡೈರೆಕ್ಟ್ ಮಾಡಿಕೊಡ್ತೀರಾ, ಅಂದರೆ ಹಳೇ ವಿಳಾಸಕ್ಕೆ ಬಂದವರನ್ನ ತಾನಾಗೇ ಹೊಸದಕ್ಕೆ ಕಳಿಸ್ತೀರಾ? ಇಲ್ಲ ಅಂದರೆ ಆ ಸೇವೆ ಬೇಡ, ಕೂಡಿಟ್ಟ ಕೇಳುಗರು ಅಲ್ಲೇ ಉಳಿದುಬಿಡ್ತಾರೆ. ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ 2024ರಲ್ಲಿ ಮುಚ್ಚಿತು. ಫೀಡ್ ತಮ್ಮ ಕೈಯಲ್ಲಿದ್ದವರ ಒಂದು ಕಂತೂ ಕಳೆದುಹೋಗಲಿಲ್ಲ, ಕೇಳುಗರು ಬೇರೆ ಆ್ಯಪ್‌ನಲ್ಲಿ ಅದೇ ಕಾರ್ಯಕ್ರಮ ಮುಂದುವರಿಸಿದರು. ಮೂಲ ಆಡಿಯೋ ಫೈಲ್‌ಗಳ ಒಂದು ಪ್ರತಿ ನಿಮ್ಮಲ್ಲಿರಲಿ. ಫೀಡ್‌ನಲ್ಲಿ ಹಾಕುವ ಇಮೇಲ್ ಎಲ್ಲರಿಗೂ ಕಾಣಬಹುದು, ಮನೆಯವರ ಇಮೇಲ್ ಬಿಟ್ಟು ಬೇರೆಯದೊಂದು ಮಾಡ್ಕೊಳ್ಳಿ. ಮುಖಚಿತ್ರ ಚೌಕವಾಗಿರಬೇಕು, 1400ರಿಂದ 3000 ಪಿಕ್ಸೆಲ್. ಫೋನಿನಲ್ಲಿ ಉಗುರಿನಷ್ಟೇ ಕಾಣೋದರಿಂದ ಅಕ್ಷರ ದಪ್ಪಗಿರಲಿ.

ಡೌನ್‌ಲೋಡ್ ಸಂಖ್ಯೆ ನೋಡಿ ಎದೆಗುಂದಬೇಡಿ, ಹಿಗ್ಗಲೂಬೇಡಿ. ಕನಿಷ್ಠ ಒಂದು ನಿಮಿಷದಷ್ಟು ಆಡಿಯೋ ಇಳಿದರೆ ಅದನ್ನ ಒಂದು ಡೌನ್‌ಲೋಡ್ ಅಂತ ಲೆಕ್ಕ ಹಾಕೋದು ಈ ಕ್ಷೇತ್ರದ ಪದ್ಧತಿ, ಪೂರ್ತಿ ಕೇಳಿದರು ಅಂತ ಅರ್ಥ ಅಲ್ಲ. ನಿಮಗೆ ಬೇಕಾದ ಲೆಕ್ಕ ಅದೇ ನೋಟ್‌ಬುಕ್‌ನಲ್ಲಿದೆ. ಬುಡದ ಚಿಗುರಿನ ಕಂತು ಬಂದ ಮೇಲೆ ಆ ಪ್ರಶ್ನೆಯ ಕರೆಗಳು ಕಮ್ಮಿಯಾದವಾ? ಹೊಸಬರು ಬಂದಾಗ "ನಮ್ಮ ಬಗ್ಗೆ ಎಲ್ಲಿ ಕೇಳಿದಿರಿ" ಅಂತ ಕೇಳಿ ಬರ್ಕೊಳ್ಳಿ.

ವಾರವಾರ ಹಾಕಬೇಕಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಬೇಕಿಲ್ಲ. ನಾಟಿ ಹಂಗಾಮಿಗೆ ಮುಂಚೆ ಆರೇಳು ಕಂತು ಒಟ್ಟಿಗೆ ರೆಕಾರ್ಡ್ ಮಾಡಿಟ್ಟು ವಾರಕ್ಕೊಂದು ಬಿಡಿ, ಕೆಲಸ ಜಾಸ್ತಿ ಇರೋ ತಿಂಗಳಲ್ಲಿ ನಿಲ್ಲಿಸಿ. ನಿಲ್ಲಿಸುವಾಗ ಮಾತ್ರ ಮತ್ತೆ ಯಾವಾಗ ಬರ್ತೀರಿ ಅಂತ ಹೇಳಿ ಹೋಗಿ.

ಎಲೆ ಉದುರೋ ಪ್ರಶ್ನೆಯಿಂದಲೇ ಶುರು ಮಾಡಿ ಮೇಡಂ, ಗಾಬರಿ ಹೆಚ್ಚಿರೋದು ಅದಕ್ಕೇ. ರೆಕಾರ್ಡ್ ಆದ ಮೇಲೆ, ಪ್ರಕಟಿಸೋ ಮುಂಚೆ ಫೈಲ್ ಇಲ್ಲೇ ಹಾಕಿ. ಇಯರ್‌ಫೋನ್‌ನಲ್ಲಿ ಒಮ್ಮೆ, ಫೋನ್ ಸ್ಪೀಕರ್‌ನಲ್ಲಿ ಒಮ್ಮೆ ಕೇಳಿ ಶಬ್ದ ಹೇಗಿದೆ ಅಂತ ಹೇಳ್ತೀನಿ.