ಕೃಷಿ ಪ್ರಶ್ನೋತ್ತರ: ಮೆಣಸು ಒಂದೇ, ಧಾರಣೆಯೂ ಒಂದೇ ಆಗಬೇಕೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ನಾವು ಆರು ಮನೆಯವರು ಅಡಿಕೆ ತೋಟದಲ್ಲಿ ಕಾಳುಮೆಣಸು ಬೆಳೆಯುತ್ತೇವೆ. ನಾಲ್ಕು ವರ್ಷಗಳಿಂದ ಹಟ್ಟಿಗೊಬ್ಬರ, ಸೊಪ್ಪು ಮತ್ತು ಮಳೆಗಾಲದಲ್ಲಿ ಬೋರ್ಡೊ ದ್ರಾವಣವಲ್ಲದೆ ಬೇರೇನನ್ನೂ ಬಳಸಿಲ್ಲ. ಆದರೂ ಪೇಟೆಯಲ್ಲಿ ಎಲ್ಲರ ಮೆಣಸಿಗೂ ಒಂದೇ ಧಾರಣೆ. ನಮ್ಮದನ್ನು ಸಾವಯವವೆಂದು ಒಪ್ಪುತ್ತಾರೆಯೇ? ನ್ಯಾಯವಾದ ಬೆಲೆ ದೊರಕುವುದು ಹೇಗೆ?
(ಓದುಗರೊಬ್ಬರು, ಪೆರ್ಲ)

ಉತ್ತರ: ಮೈಲುತುತ್ತು ಮತ್ತು ಸುಣ್ಣದ ಬೋರ್ಡೊ ದ್ರಾವಣ ಸಾವಯವ ನಿಯಮಗಳಲ್ಲಿ ನಿಷಿದ್ಧವಲ್ಲ, ನಿರ್ಬಂಧಿತ. ತಾಮ್ರದ ಅಂಶ ಮಣ್ಣಿನಲ್ಲಿ ಉಳಿದುಬಿಡುವುದರಿಂದ ಯಾವ ದಿನ ಎಷ್ಟು ಸಿಂಪಡಿಸಿದಿರೆಂದು ಬರೆದಿಡಬೇಕು. ಕೃಷಿಕರೇ ಪರಸ್ಪರರ ತೋಟಗಳನ್ನು ನೋಡಿ ದೃಢೀಕರಿಸುವ ಪಿ.ಜಿ.ಎಸ್.-ಇಂಡಿಯಾ ಪದ್ಧತಿಗೆ ಐದು ಮಂದಿಯ ಗುಂಪು ಸಾಕಾಗುವುದರಿಂದ ನೀವು ಆರು ಮನೆಯವರು ಈಗಲೇ ಸೇರಬಹುದು. ಆದರೆ ಅದು ದೇಶದೊಳಗಿನ ಮಾರಾಟಕ್ಕೆ ಮಾತ್ರ. ರಫ್ತಿಗೆ ಹೊರಗಿನ ಸಂಸ್ಥೆಯ ಪ್ರಮಾಣಪತ್ರ ಬೇಕು, ಬಹುವಾರ್ಷಿಕ ಬೆಳೆಗೆ ಮೂರು ವರ್ಷಗಳ ಪರಿವರ್ತನಾ ಅವಧಿಯೂ ಇದೆ.

ಸಾವಯವ ಪತ್ರವಿದ್ದ ಮಾತ್ರಕ್ಕೆ ನ್ಯಾಯದ ಬೆಲೆ ಬರುವುದಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ನ್ಯಾಯವ್ಯಾಪಾರ (ಫೇರ್ ಟ್ರೇಡ್) ಬೇರೆಯೇ ವ್ಯವಸ್ಥೆ: ಖರೀದಿದಾರರು ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಮೊತ್ತ ಕೃಷಿಕರ ಸಂಘಟನೆಗೆ ಸೇರುತ್ತದೆ, ಅದನ್ನು ಹೇಗೆ ಬಳಸಬೇಕೆಂದು ಸದಸ್ಯರೇ ಸಭೆಯಲ್ಲಿ ನಿರ್ಧರಿಸುತ್ತಾರೆ. ಮಲಬಾರಿನ ಕೃಷಿಕರು 2005ರಲ್ಲಿ ಕಟ್ಟಿದ ಫೇರ್ ಟ್ರೇಡ್ ಅಲಯನ್ಸ್ ಕೇರಳದಲ್ಲಿ ಕಾಸರಗೋಡಿನವರೂ ಇದ್ದಾರೆ, ಅವರನ್ನು ಕೇಳಿ ನೋಡಿ. ಅಡಿಕೆಗೆ 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದೂ ಒಬ್ಬಂಟಿ ಬೆಳೆಗಾರನಿಗೆ ಧಾರಣೆಯ ಮೇಲೆ ಹಿಡಿತವಿಲ್ಲವೆಂಬ ಅನುಭವದಿಂದಲೇ.

ಹಾಗಾಗಿ ಪತ್ರಕ್ಕಿಂತ ಮೊದಲು ಮೆಣಸನ್ನು ಒಂದಾಗಿಸಿ. ಕದಿರಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು, ಬಿಡಿಸಿ, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಒಣಗಿಸಿದರೆ ಬಣ್ಣ ಒಂದೇ ಸಮ ಕಪ್ಪಾಗಿ ಬರುತ್ತದೆ. ಜೊಳ್ಳನ್ನು ತೂರಿ ತೆಗೆಯಿರಿ. ಲೀಟರಿಗೆ 550 ಗ್ರಾಂ ತೂಗುವ ಮೆಣಸಿಗೆ ವ್ಯಾಪಾರದಲ್ಲಿ ಬೇರೆಯೇ ದರ್ಜೆಯಿದೆ. ಆರು ಮನೆಗಳ ಆರು ಬಗೆಯ ಚೀಲಗಳನ್ನು ಯಾವ ದೊಡ್ಡ ಖರೀದಿದಾರನೂ ಬಯಸುವುದಿಲ್ಲ.

ನಿಮ್ಮ ಪಂಚಾಯತಿನ ಹೆಸರು ಓದಿದಾಗ ನನಗೆ ನೆನಪಾಗುವುದು ಗೇರುತೋಟಗಳ ಮೇಲೆ 2000ದವರೆಗೂ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ. ಆ ಊರಿನ ಜನರೇ ವಿಷವಿಲ್ಲದೆ ಬೆಳೆಯುತ್ತಿದ್ದಾರೆಂಬುದು ಕೊಳ್ಳುವವರಿಗೆ ತಿಳಿಯಬೇಕು. ಚೀಲದ ಮೇಲೆ ಊರಿನ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ಈ ಬಾರಿಯ ಕೊಯ್ಲಿಗೆ ಮುಂಚೆ ಒಂದೇ ಅಂಗಳ, ಒಂದೇ ತಕ್ಕಡಿ ಮತ್ತು ಲೆಕ್ಕಪುಸ್ತಕವನ್ನು ಬರೆಯಲು ಒಪ್ಪುವ ಒಬ್ಬರನ್ನು ಗೊತ್ತುಮಾಡಿಕೊಳ್ಳಿ.